ಯಾರ ಲೆಕ್ಕ, ಯಾರ ಜೇಬು? ಸಂಗೀತ ಪ್ರಶಸ್ತಿ, ಹಳೇ ಧಾಟಿಯ ಹೊಸಬರು ಮತ್ತು ಆಟದ ಬಾಜಿ

ಒಂದೇ ಹಾಡು. ಒಬ್ಬರ ಲೆಕ್ಕದಲ್ಲಿ ಸೊನ್ನೆ, ಇನ್ನೊಬ್ಬರ ಲೆಕ್ಕದಲ್ಲಿ ಎಲ್ಲ ಕಾಲಕ್ಕೂ ನಂಬರ್ ಒನ್.

ಕೆನಡಾದ ಗಾಯಕ ದಿ ವೀಕೆಂಡ್ ಅವರ 'ಬ್ಲೈಂಡಿಂಗ್ ಲೈಟ್ಸ್' ಬಂದದ್ದು 2019ರ ನವೆಂಬರ್‌ನಲ್ಲಿ. 1980ರ ದಶಕದ ಸಿಂಥಸೈಜರ್ ಸದ್ದು, ನಿಲ್ಲದೆ ಓಡುವ ಡ್ರಮ್ಮು. 2020 ಇಡೀ ವರ್ಷ ಎಲ್ಲಿ ಕಿವಿ ಇಟ್ಟರೂ ಅದೇ ಹಾಡು. ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿ ಹಾಟ್ 100ರ ಮೊದಲ ಹತ್ತರಲ್ಲಿ ಅದು 57 ವಾರ ಕೂತಿತ್ತು. ಆದರೆ 2020ರ ನವೆಂಬರ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿಯ ನಾಮಿನೇಷನ್ ಪಟ್ಟಿ ಹೊರಬಿದ್ದಾಗ ಅದರಲ್ಲಿ ಆ ಹಾಡೂ ಇರಲಿಲ್ಲ, ಆಲ್ಬಮ್ಮೂ ಇರಲಿಲ್ಲ. ಒಂದೇ ಒಂದು ವಿಭಾಗದಲ್ಲೂ ಇಲ್ಲ. ಒಂದು ವರ್ಷ ಕಳೆದು 2021ರ ನವೆಂಬರ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಹಾಟ್ 100 ಪಟ್ಟಿಯ ಇತಿಹಾಸದಲ್ಲೇ ಅತಿ ದೊಡ್ಡ ಹಾಡು ಇದು ಅಂತ ಸಾರಿತು. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ಚಬ್ಬಿ ಚೆಕರ್ ಹಾಡಿದ 1960ರ 'ದಿ ಟ್ವಿಸ್ಟ್'.

ಯಾರು ಸರಿ? ಅವರವರ ಲೆಕ್ಕದಲ್ಲಿ ಇಬ್ಬರೂ ಸರಿ. ಬಿಲ್‌ಬೋರ್ಡ್ ಎಣಿಸಿದ್ದು ಯಾವ ಹಾಡು ಪಟ್ಟಿಯಲ್ಲಿ ಎಷ್ಟು ಮೇಲೆ, ಎಷ್ಟು ವಾರ ಇತ್ತು ಅಂತ. ಗ್ರ್ಯಾಮಿಯವರು ಎಣಿಸಿದ್ದು ಸಂಗೀತದ ಕೆಲಸದಲ್ಲಿರುವ ಕೆಲವರ ಮತಗಳನ್ನು. ಎರಡೂ ಸಂಖ್ಯೆಗಳೇ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಪ್ರಶಸ್ತಿ, ಹಳೇ ಧಾಟಿಯ ಹೊಸ ಹಾಡುಗಾರರನ್ನು ಹುಡುಕುವುದು, ಆಟದ ಮೇಲೆ ಬಾಜಿ ಕಟ್ಟುವುದು. ಈ ಮೂರಕ್ಕೂ ಏನು ಸಂಬಂಧ ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ಮೂರರಲ್ಲೂ ನಮ್ಮ ಮುಂದೆ ಬಂದು ನಿಲ್ಲುವುದು ಬೇರೆಯವರು ಮಾಡಿಟ್ಟ ಒಂದು ಲೆಕ್ಕ. ಪ್ರಶಸ್ತಿಯಲ್ಲಿ ಮತದ ಲೆಕ್ಕ. ಹಾಡಿನ ಆ್ಯಪ್‌ನಲ್ಲಿ ಶಿಫಾರಸಿನ ಲೆಕ್ಕ. ಬಾಜಿಯಲ್ಲಿ ದರದ ಲೆಕ್ಕ. ಅದನ್ನು ಓದಲು ಬಂದರೆ ಅನುಕೂಲ. ಸುಮ್ನೆ ನಂಬಿದರೆ ಮೊದಲ ಎರಡರಲ್ಲಿ ಹೋಗುವುದು ಸಮಯ, ಮೂರನೆಯದರಲ್ಲಿ ಹಣ.

ಶೇ. 13ರಷ್ಟು ಮತಕ್ಕೆ ವರ್ಷದ ಆಲ್ಬಮ್

ಗ್ರ್ಯಾಮಿ ಶುರುವಾದದ್ದು 1959ರಲ್ಲಿ. ಕೊಡುವುದು ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿ. ಮತ ಹಾಕುವವರು ಅದರ ಸದಸ್ಯರು: ಗಾಯಕರು, ವಾದ್ಯ ನುಡಿಸುವವರು, ಹಾಡು ಬರೆಯುವವರು, ನಿರ್ಮಾಪಕರು, ಸೌಂಡ್ ಎಂಜಿನಿಯರ್‌ಗಳು. ಇತ್ತೀಚಿನ ವರ್ಷಗಳಲ್ಲಿ ಮತ ಹಾಕಬಲ್ಲವರು ಸುಮಾರು 13,000 ಜನ. ಕೇಳುಗರಿಗೆ ಇಲ್ಲಿ ಮತವಿಲ್ಲ. ಎಷ್ಟು ಕೋಟಿ ಸಲ ಹಾಡು ಕೇಳಿದ್ದಾರೆ ಅನ್ನುವುದೂ ಲೆಕ್ಕಕ್ಕಿಲ್ಲ.

ವರ್ಷದ ಆಲ್ಬಮ್‌ನಂಥ ಮುಖ್ಯ ವಿಭಾಗಗಳಲ್ಲಿ ಎಲ್ಲ ಸದಸ್ಯರೂ ಮತ ಹಾಕಬಹುದು. ಉಳಿದ ವಿಭಾಗಗಳಿಗೆ ಮಿತಿಯಿದೆ: ಮೂರು ಕ್ಷೇತ್ರಗಳ ಒಳಗೆ ಹೆಚ್ಚೆಂದರೆ ಹತ್ತು ವಿಭಾಗ. ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕಬೇಡಿ ಅನ್ನುವುದು ಉದ್ದೇಶ. ಹಾಗಿದ್ದರೂ ಮುಖ್ಯ ವಿಭಾಗದಲ್ಲಿ ಜಾಝ್ ಪಿಯಾನೋ ನುಡಿಸುವವರು ರ‍್ಯಾಪ್ ಆಲ್ಬಮ್ ಬಗ್ಗೆ ತೀರ್ಪು ಕೊಡುತ್ತಾರೆ, ಕಂಟ್ರಿ ಗಾಯಕರು ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ. ಅಂಥವರು ಮತ ಹಾಕುವುದು ಯಾರಿಗೆ? ಹೆಸರು ಗೊತ್ತಿರುವವರಿಗೆ, ಇಲ್ಲವೇ ಯಾರ ಕೈಕೆಲಸ ತಮಗೂ ಅರ್ಥವಾಗುತ್ತದೋ ಅವರಿಗೆ. ಈ ಎರಡನೇ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದ ಪ್ರತಿಯೊಬ್ಬರಿಗಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ವರ್ಷದ ಆಲ್ಬಮ್ ವಿಭಾಗಕ್ಕೆ ಬಹಳ ಕಾಲ ಐದು ನಾಮಿನೇಷನ್ ಇದ್ದವು. ಆಮೇಲೆ ಎಂಟಾಯಿತು, 2022ರಲ್ಲಿ ಹತ್ತಾಯಿತು, 2024ಕ್ಕೆ ಮತ್ತೆ ಎಂಟಕ್ಕೆ ಇಳಿಯಿತು. ಎಂಟು ಜನರ ನಡುವೆ ಮತ ಸಮನಾಗಿ ಹಂಚಿಹೋದರೆ ಶೇ. 13ರಷ್ಟು ಸಿಕ್ಕವರೂ ಗೆಲ್ಲಬಹುದು. ಅಂದರೆ ಶೇ. 87ರಷ್ಟು ಜನ ಬೇರೆಯವರು ಗೆಲ್ಲಲಿ ಅಂದಿದ್ದರೂ ಆ ಆಲ್ಬಮ್ಮೇ 'ವರ್ಷದ ಶ್ರೇಷ್ಠ'. ಒಬ್ಬೊಬ್ಬರಿಗೂ ಎಷ್ಟೆಷ್ಟು ಮತ ಬಿತ್ತು ಅಂತ ಅಕಾಡೆಮಿ ಹೇಳುವುದಿಲ್ಲ. ಹಾಗಾಗಿ ಕೂದಲೆಳೆಯ ಗೆಲುವು ಯಾವುದು, ಭರ್ಜರಿ ಗೆಲುವು ಯಾವುದು ಅಂತ ನಮಗೆ ತಿಳಿಯುವುದೇ ಇಲ್ಲ.

ಇಂಥ ವ್ಯವಸ್ಥೆಯಲ್ಲಿ ಎಡವಟ್ಟು ಸಹಜ. 1989ರಲ್ಲಿ ಗ್ರ್ಯಾಮಿ ಮೊದಲ ಸಲ ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆ ಒಂದು ವಿಭಾಗ ಮಾಡಿತು. ಎಲ್ಲರೂ ಮೆಟಲ್ ತಂಡ ಮೆಟಾಲಿಕಾ ಗೆಲ್ಲುತ್ತದೆ ಅಂದುಕೊಂಡಿದ್ದರು. ಗೆದ್ದದ್ದು ಜೆಥ್ರೋ ಟಲ್, ಕೊಳಲು ನುಡಿಸುವ ನಾಯಕನಿದ್ದ ತಂಡ! ಮುಂದಿನ ವರ್ಷ ಅಕಾಡೆಮಿ ವಿಭಾಗವನ್ನೇ ಎರಡು ಮಾಡಿತು, ಮೆಟಾಲಿಕಾಗೆ ಮೆಟಲ್ ಪ್ರಶಸ್ತಿ ಸಿಕ್ಕಿತು. ದಿ ವೀಕೆಂಡ್ ವಿಷಯದಲ್ಲೂ ಹೀಗೇ ಆಯಿತು. ಆಗ ಹಲವು ವಿಭಾಗಗಳಲ್ಲಿ ಅಂತಿಮ ನಾಮಿನೇಷನ್ ಪಟ್ಟಿಯನ್ನು ಹೆಸರು ಹೊರಬಿಡದ ಸಣ್ಣ ಸಮಿತಿಗಳು ತೀರ್ಮಾನಿಸುತ್ತಿದ್ದವು. ಆತ ಬಹಿರಂಗವಾಗಿ ಸಿಟ್ಟಾದರು, ಇನ್ನು ಮುಂದೆ ತನ್ನ ಸಂಗೀತವನ್ನು ಗ್ರ್ಯಾಮಿಗೆ ಕಳಿಸುವುದಿಲ್ಲ ಅಂದರು. 2021ರ ಏಪ್ರಿಲ್ ಕೊನೆಗೆ ಅಕಾಡೆಮಿ ಆ ಸಮಿತಿಗಳನ್ನು ತೆಗೆದುಹಾಕಿತು. ತಪ್ಪಾದ ಮೇಲೆ ನಿಯಮ ಬದಲಾಗುತ್ತದೆ, ಅಷ್ಟರಲ್ಲಿ ಆ ವರ್ಷ ಕಳೆದಿರುತ್ತದೆ.

ಎಲ್ಲ ಪ್ರಶಸ್ತಿಗಳೂ ಹೀಗಿಲ್ಲ. ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಅಭಿಮಾನಿಗಳ ಮತ. ಬಿಲ್‌ಬೋರ್ಡ್ ಪ್ರಶಸ್ತಿಗೆ ಪಟ್ಟಿಯ ಅಂಕಿಗಳೇ ಆಧಾರ. ಬ್ರಿಟನ್, ಐರ್ಲೆಂಡ್‌ನ ಆಲ್ಬಮ್‌ಗಳಿಗೆ 1992ರಿಂದ ಕೊಡುತ್ತಿರುವ ಮರ್ಕ್ಯುರಿ ಪ್ರೈಜ್‌ನಲ್ಲಿ ತೀರ್ಪು ಕೊಡುವುದು ಒಂದು ಸಣ್ಣ ತೀರ್ಪುಗಾರರ ಗುಂಪು. ಮಾರಾಟ ಎಷ್ಟಾಯಿತು ಅನ್ನುವ ಚಿಂತೆ ಅವರಿಗಿಲ್ಲ. ಹೊಸ ಹೆಸರು ಬೇಕು ಅನ್ನುವವರಿಗೆ ಅದರ ಹನ್ನೆರಡು ಆಲ್ಬಮ್‌ಗಳ ಕಿರುಪಟ್ಟಿ ಗೆದ್ದವರ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಣಿಕೆಯ ಕ್ರಮ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆ ಅನ್ನುವುದನ್ನು ಕಣ್ಣಾರೆ ನೋಡಬೇಕಿದ್ದರೆ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನ 2023ರ ಫಲಿತಾಂಶ ನೋಡಿ. ಅಲ್ಲಿ ಅರ್ಧ ಅಂಕ ತೀರ್ಪುಗಾರರದು, ಅರ್ಧ ಜನರದು. ಫಿನ್ಲೆಂಡಿನ ಕಾರಿಯಾಗೆ ಜನ ಕೊಟ್ಟದ್ದು 376 ಅಂಕ, ತೀರ್ಪುಗಾರರು ಕೊಟ್ಟದ್ದು ಬರೀ 150. ಸ್ವೀಡನ್ನಿನ ಲೊರೀನ್‌ಗೆ ಜನರಿಂದ 243, ತೀರ್ಪುಗಾರರಿಂದ 340. ಕೂಡಿದಾಗ ಲೊರೀನ್ 583, ಕಾರಿಯಾ 526. ಜನರ ಮತವೊಂದೇ ಇದ್ದಿದ್ದರೆ ಅವತ್ತು ಟ್ರೋಫಿ ಹೋಗುತ್ತಿದ್ದದ್ದು ಫಿನ್ಲೆಂಡಿಗೆ.

ಗ್ರ್ಯಾಮಿಗೆ ಹಳೇ ಸದ್ದಿನ ಮೇಲೆ ಯಾಕಷ್ಟು ಪ್ರೀತಿ

ಈಗ ಆ ಎರಡನೇ ಮಾತಿಗೆ ಬರೋಣ, ಕೈಕೆಲಸ ಅರ್ಥವಾಗುವವರಿಗೆ ಮತ ಅನ್ನುವುದಕ್ಕೆ. ಗ್ರ್ಯಾಮಿಯ ಈ ಶತಮಾನದ ದೊಡ್ಡ ಗೆಲುವುಗಳನ್ನು ಸಾಲಾಗಿ ಇಟ್ಟು ನೋಡಿ. 2008ರಲ್ಲಿ ಆಮಿ ವೈನ್‌ಹೌಸ್‌ಗೆ ಐದು ಪ್ರಶಸ್ತಿ. ಸಂಗೀತ 1960ರ ದಶಕದ ಸೋಲ್ ಧಾಟಿಯದು, ಅಂದರೆ ಅಮೆರಿಕದ ಕಪ್ಪು ಗಾಯಕರ ಹಾಡಿನ ಧಾಟಿ. 2014ರಲ್ಲಿ ವರ್ಷದ ಆಲ್ಬಮ್ ಡ್ಯಾಫ್ಟ್ ಪಂಕ್‌ಗೆ. ಯಂತ್ರದ ಸಂಗೀತಕ್ಕೇ ಹೆಸರಾದ ಆ ಇಬ್ಬರು ಆ ಆಲ್ಬಮ್‌ಗಾಗಿ 1970ರ ಡಿಸ್ಕೋ ಕಾಲಕ್ಕೆ ಹೋಗಿ, ಶಿಕ್ ತಂಡದ ನೈಲ್ ರಾಜರ್ಸ್ ಅವರನ್ನು ಗಿಟಾರ್‌ಗೆ ಕರೆದು, ಪಳಗಿದ ವಾದ್ಯಗಾರರ ಕೈಯಲ್ಲಿ ನುಡಿಸಿದ್ದರು. 2016ರಲ್ಲಿ ವರ್ಷದ ರೆಕಾರ್ಡ್ (ಒಂದು ಹಾಡಿನ ಧ್ವನಿಮುದ್ರಣಕ್ಕೆ ಕೊಡುವುದು) ಮಾರ್ಕ್ ರಾನ್ಸನ್ ಮತ್ತು ಬ್ರೂನೋ ಮಾರ್ಸ್ ಜೋಡಿಯ 'ಅಪ್‌ಟೌನ್ ಫಂಕ್'. 2018ರಲ್ಲಿ ವರ್ಷದ ಆಲ್ಬಮ್, ರೆಕಾರ್ಡ್, ಹಾಡು ಮೂರೂ ಬ್ರೂನೋ ಮಾರ್ಸ್‌ಗೆ. 2022ರಲ್ಲಿ ಅವರೇ ಆ್ಯಂಡರ್ಸನ್ ಪಾಕ್ ಜೊತೆ ಕಟ್ಟಿದ ಸಿಲ್ಕ್ ಸೋನಿಕ್‌ಗೆ ನಾಲ್ಕು ಪ್ರಶಸ್ತಿ. ಅದೂ 1970ರ ಸೋಲ್ ಸಂಗೀತದ ಉಡುಪು ತೊಟ್ಟು ಬಂದ ಸಂಗೀತವೇ.

ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಮತ ಹಾಕುವವರಲ್ಲಿ ಬಹಳ ಜನ ಸ್ಟುಡಿಯೋದಲ್ಲಿ ಕೂತು ಬೆವರು ಸುರಿಸಿದವರು. ತುತ್ತೂರಿಗಳು ಒಟ್ಟಿಗೆ ಉಸಿರು ತೆಗೆದುಕೊಳ್ಳುವುದು, ಬೇಸ್ ಗಿಟಾರ್ ಒಂದು ಕೂದಲೆಳೆ ತಡವಾಗಿ ಬಂದು ತಾಳವನ್ನು ಎಳೆಯುವುದು ಇಂಥವು ಅವರ ಕಿವಿಗೆ ತಕ್ಷಣ ಸಿಗುತ್ತವೆ. ಜೊತೆಗೆ ಅದು ಅವರು ಹರೆಯದಲ್ಲಿ ಕೇಳಿದ ಸದ್ದು. ಹಾಗಾದರೆ ದಿ ವೀಕೆಂಡ್‌ಗೆ ಯಾಕೆ ಸೊನ್ನೆ, ಅದೂ ಹಳೇ ಧಾಟಿಯೇ ಅಲ್ವಾ? ಹೌದು. ಆದರೆ ಅದು ಯಂತ್ರದ ಹಳೇ ಧಾಟಿ. ಸಮಿತಿಯ ಬಾಗಿಲು ಮುಚ್ಚಿದ್ದರಿಂದ ಕಾರಣ ಖಚಿತವಾಗಿ ಹೇಳಲಾಗದು, ಇದು ನನ್ನ ಊಹೆ ಅಷ್ಟೇ.

ಹಳೇ ಧಾಟಿಯಲ್ಲೂ ಹೀಗೆ ಒಳಜಾತಿಗಳಿವೆ. ಒಂದು, ಹಳೇ ಕಾಲದ ಕೆಲಸದ ಕ್ರಮವನ್ನೇ ಉಳಿಸಿಕೊಂಡದ್ದು: ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಟೇಪ್ ಮೇಲೆ ನೇರ ರೆಕಾರ್ಡಿಂಗ್. ಇನ್ನೊಂದು, ಹಳೇ ಸದ್ದನ್ನು ಹೊಸ ಕಂಪ್ಯೂಟರಿನಲ್ಲಿ ಕಟ್ಟುವುದು. 1980ರ ದಶಕದ ಹಾಡುಗಳ ಆ 'ಢಂ' ಅಂತ ಬಡಿದು ತಟ್ಟನೆ ಕತ್ತರಿಸಿದ ಹಾಗಿನ ಡ್ರಮ್ ಸದ್ದು ಗೊತ್ತಲ್ಲ? ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಪೀಟರ್ ಗೇಬ್ರಿಯಲ್ ಆಲ್ಬಮ್ ಕೆಲಸದ ವೇಳೆ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಮತ್ತು ಡ್ರಮ್ಮರ್ ಫಿಲ್ ಕಾಲಿನ್ಸ್‌ಗೆ ಅದು ಅಚಾನಕ್ಕಾಗಿ ಸಿಕ್ಕಿತು. 1981ರಲ್ಲಿ ಕಾಲಿನ್ಸ್ ಹಾಡಿನ ಮೂಲಕ ಜಗತ್ತಿಗೆಲ್ಲ ಹರಡಿತು. ಇವತ್ತು ಅದು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಬರುತ್ತದೆ.

ಮೂರನೆಯದು ಹಳೇ ಹಾಡಿನ ತುಣುಕನ್ನೇ ಹೊಸದರಲ್ಲಿ ಸೇರಿಸುವುದು. ಇಲ್ಲಿ ವಕೀಲರು ಬರುತ್ತಾರೆ. 'ಅಪ್‌ಟೌನ್ ಫಂಕ್' ಬಂದು ಕೆಲವು ತಿಂಗಳಿಗೆ, 2015ರಲ್ಲಿ, ಗ್ಯಾಪ್ ಬ್ಯಾಂಡ್‌ನ ಹಳೇ ಹಾಡೊಂದನ್ನು ಬರೆದವರ ಹೆಸರುಗಳೂ ಅದಕ್ಕೆ ಸೇರಿದವು. ಬರೆದವರ ಪಟ್ಟಿ 11 ಹೆಸರಿಗೆ ಬೆಳೆಯಿತು. ಅದೇ ವರ್ಷ ಹಳೇ ಸೋಲ್ ಗಾಯಕ ಮಾರ್ವಿನ್ ಗೇ ಅವರ ಕುಟುಂಬ, ಅವರ ಹಾಡಿನ ನಕಲು ಅಂತ 'ಬ್ಲರ್ಡ್ ಲೈನ್ಸ್' ಹಾಡಿನ ಮೇಲೆ ಹೂಡಿದ್ದ ಮೊಕದ್ದಮೆ ಗೆದ್ದಿತು, ಪರಿಹಾರ ಕೊನೆಗೆ ನಿಂತದ್ದು ಸುಮಾರು 50 ಲಕ್ಷ ಡಾಲರ್‌ಗೆ. ರಾಗ ಕದ್ದದ್ದೋ, ಬರೀ ಹಳೇ ಕಾಲದ ಭಾವ ಹಿಡಿದದ್ದೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆಮೇಲಿಂದ ಹಾಡು ಬರೆಯುವವರು ಮುಂಚೆಯೇ ಹಳಬರ ಹೆಸರು ಸೇರಿಸುವುದು ಹೆಚ್ಚಾಗಿದೆ. ಕೇಳುಗರಿಗೆ ಇದರಿಂದ ಲಾಭವೇ ಆಯಿತು, ಹೇಗೆ ಅಂತ ಹೇಳುತ್ತೇನೆ.

ಹುಡುಕುವುದು ಹೇಗೆ: ಹಾಡಿನ ಕೆಳಗಿರುವ ಸಣ್ಣ ಅಕ್ಷರಗಳು

ಅಮೆರಿಕದಲ್ಲಿ ಜನ ಕೇಳುವ ಸಂಗೀತದಲ್ಲಿ ಶೇ. 70ಕ್ಕಿಂತ ಹೆಚ್ಚಿನದು ಬಿಡುಗಡೆಯಾಗಿ 18 ತಿಂಗಳಾದರೂ ಕಳೆದದ್ದು. ಸಂಗೀತದ ಅಂಕಿ-ಅಂಶ ಕಲೆಹಾಕುವ ಲುಮಿನೇಟ್ ಸಂಸ್ಥೆಯ ಎಣಿಕೆ ಇದು. ಕೇಟ್ ಬುಷ್ ಅವರ 1985ರ ಹಾಡೊಂದು ಒಂದು ಜನಪ್ರಿಯ ವೆಬ್ ಸರಣಿಯಲ್ಲಿ ಬಂದದ್ದೇ ತಡ, 37 ವರ್ಷದ ನಂತರ 2022ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಹಳೇದು ಹೊಸದು ಒಂದೇ ಕಪಾಟಿನಲ್ಲಿ ಕೂತಿರುವಾಗ ಹೊಸಬರು ಹಳೇ ಧಾಟಿ ಹಿಡಿಯುವುದು ಆಶ್ಚರ್ಯವಲ್ಲ.

ಕಷ್ಟ ಇರುವುದು ಆ್ಯಪ್‌ನ ಶಿಫಾರಸಿನಲ್ಲಿ. ನೀವು ಒಂದು ಸೋಲ್ ಹಾಡು ಕೇಳಿದರೆ ಅದನ್ನು ಕೇಳಿದ ಉಳಿದವರು ಮತ್ತೇನು ಕೇಳಿದರು ಅಂತ ನೋಡಿ ಅದನ್ನೇ ನಿಮಗೂ ತೋರಿಸುತ್ತದೆ. ಅಂದರೆ ಈಗಾಗಲೇ ಹೆಚ್ಚು ಕೇಳಿದ್ದೇ ಇನ್ನೂ ಹೆಚ್ಚು ಕೇಳಿಸುತ್ತದೆ. ಎರಡು ವಾರ ಬಿಟ್ಟರೆ ಅದೇ ಇಪ್ಪತ್ತು ಹಾಡು ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತವೆ.

ನನಗೆ ಕೆಲಸ ಮಾಡಿದ ದಾರಿ ಹಾಡಿನ ಕ್ರೆಡಿಟ್ ಓದುವುದು. ಯಾರು ಬರೆದರು, ಯಾರು ನುಡಿಸಿದರು, ಯಾವ ಲೇಬಲ್ (ಹಾಡು ಹೊರತರುವ ಕಂಪನಿ), ಯಾವ ಸ್ಟುಡಿಯೋ. ಈಗ ಬಹುತೇಕ ಆ್ಯಪ್‌ಗಳಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಒಂದಿಷ್ಟಾದರೂ ಸಿಗುತ್ತದೆ. ಆಮಿ ವೈನ್‌ಹೌಸ್‌ರ 2006ರ ಆಲ್ಬಮ್‌ನಲ್ಲಿ ಹಲವು ಹಾಡುಗಳಿಗೆ ನುಡಿಸಿದವರು ಡ್ಯಾಪ್-ಕಿಂಗ್ಸ್ ಅನ್ನುವ ತಂಡ. ಆ ಹೆಸರು ಹಿಡಿದು ಹೋದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ಲೇಬಲ್ ಸಿಗುತ್ತದೆ. ಗೇಬ್ರಿಯಲ್ ರಾತ್ ಮತ್ತು ನೀಲ್ ಶುಗರ್‌ಮನ್ 2001ರಲ್ಲಿ ಶುರುಮಾಡಿದ್ದು. ಒಂದು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು ಎಂಟು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ರೆಕಾರ್ಡ್ ಮಾಡುತ್ತಿದ್ದರು.

ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟರೆ ಷರೋನ್ ಜೋನ್ಸ್. ಡ್ಯಾಪ್-ಕಿಂಗ್ಸ್ ತಂಡದ ಅಸಲಿ ಗಾಯಕಿ ಅವರೇ. ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ ಕಾವಲಿನ ಕೆಲಸ ಮಾಡಿದ್ದವರು. ನೋಟಕ್ಕೆ, ವಯಸ್ಸಿಗೆ ನೀನು ಹೊಂದುವುದಿಲ್ಲ ಅಂತ ಸಂಗೀತದ ಧಣಿಗಳು ಹೇಳಿ ಕಳಿಸಿದ್ದರು. ಅವರ ಮೊದಲ ಆಲ್ಬಮ್ ಬಂದಾಗ 2002. ವಯಸ್ಸು 46. ಅವರದೇ ತಂಡ ಇನ್ನೊಬ್ಬರಿಗೆ ನುಡಿಸಿದ ಆಲ್ಬಮ್ 2008ರಲ್ಲಿ ಗ್ರ್ಯಾಮಿ ಬಾಚಿಕೊಂಡಿತು. ಷರೋನ್ ಅವರಿಗೆ ನಾಮಿನೇಷನ್ ಸಿಕ್ಕಿದ್ದು 2015ರ ಗ್ರ್ಯಾಮಿಗೆ, ಅದೂ ಗೆಲ್ಲಲಿಲ್ಲ. 2016ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ರಶಸ್ತಿಯ ಪಟ್ಟಿಯನ್ನಷ್ಟೇ ನೋಡುತ್ತಿದ್ದರೆ ಈ ಧ್ವನಿ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಪಟ್ಟಿಯಲ್ಲಿದ್ದ ಹೆಸರಿನ ಹಿಂದೆ ಹೋದದ್ದಕ್ಕೆ ಸಿಕ್ಕಿತು.

ಇದೇ ದಾರಿಯಲ್ಲಿ ಮುಂದಕ್ಕೂ ಹೋಗಬಹುದು. ಡ್ಯಾಪ್‌ಟೋನ್‌ನವರು ಕ್ಯಾಲಿಫೋರ್ನಿಯಾದಲ್ಲಿ ಪೆನ್ರೋಸ್ ಅನ್ನುವ ಸಣ್ಣ ಲೇಬಲ್ ನಡೆಸುತ್ತಾರೆ, ಅಲ್ಲಿ ದೀ ಸೇಕ್ರೆಡ್ ಸೋಲ್ಸ್ ಸಿಗುತ್ತಾರೆ. ಸೋಲ್ ಇಷ್ಟವಿದ್ದರೆ ಡುರಾಂಡ್ ಜೋನ್ಸ್ ಮತ್ತು ಇಂಡಿಕೇಷನ್ಸ್, ಲಿಯಾನ್ ಬ್ರಿಜಸ್ ಕೇಳಿ. ಹಳೇ ಜಾಝ್ ಹಾಡಿನ ಮೆದು ಧಾಟಿ ಬೇಕಿದ್ದರೆ ಐಸ್‌ಲೆಂಡಿನ ಲೌವೆ, 2024ರಲ್ಲಿ ಅವರಿಗೂ ಒಂದು ಗ್ರ್ಯಾಮಿ ಬಂತು. ಹ್ಯೂಸ್ಟನ್ನಿನ ಕ್ರುಂಗ್‌ಬಿನ್ ತಂಡದ್ದು ಇನ್ನೂ ತಮಾಷೆ. 1960-70ರ ಥಾಯ್ಲೆಂಡಿನ ಸಂಗೀತದಿಂದ ಹುಟ್ಟಿದ ಧಾಟಿ ಅವರದು, ಹೆಸರೂ ಥಾಯ್, ಅರ್ಥ ವಿಮಾನ. ಮೊದಲ ಆಲ್ಬಮ್ 2015ರದು, 'ಶ್ರೇಷ್ಠ ಹೊಸ ಕಲಾವಿದರು' ವಿಭಾಗದಲ್ಲಿ ನಾಮಿನೇಷನ್ ಸಿಕ್ಕಿದ್ದು 2025ಕ್ಕೆ! ಗ್ರ್ಯಾಮಿಯ ಲೆಕ್ಕದಲ್ಲಿ ಹೊಸಬರು ಅಂದರೆ ಆ ವರ್ಷ ಎದ್ದು ಕಂಡವರು ಅಂತ.

ಇನ್ನು ಹೊಸ ಹಾಡಿನಲ್ಲಿ ಬರೆದವರ ಪಟ್ಟಿ ಉದ್ದವಿದ್ದರೆ ಖುಷಿಪಡಿ. ಅದರಲ್ಲಿ ಹಳೇ ಹಾಡೊಂದರ ವಿಳಾಸ ಅಡಗಿರುವ ಸಾಧ್ಯತೆ ಇದೆ. ವಕೀಲರಿಂದ ಕೇಳುಗರಿಗೆ ಆದ ಲಾಭ ಅಂದದ್ದು ಇದನ್ನೇ.

ಬಾಜಿ: ದರ ಅಂದರೆ ಭವಿಷ್ಯವಲ್ಲ, ಬೆಲೆ

ಪ್ರಶಸ್ತಿಯಿಂದ ಬಾಜಿಗೆ ದಾರಿ ಹತ್ತಿರವೇ. ಕೆಲವು ದೇಶಗಳಲ್ಲಿ ಗ್ರ್ಯಾಮಿ, ಯೂರೋವಿಷನ್ ಮೇಲೂ ಬೆಟ್ ಕಟ್ಟುತ್ತಾರೆ. ಆದರೆ ಆಟಕ್ಕೂ ಪ್ರಶಸ್ತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪಂದ್ಯ ಮುಗಿಯುವ ತನಕ ಫಲಿತಾಂಶ ಯಾರಿಗೂ ಗೊತ್ತಿಲ್ಲ. ಗ್ರ್ಯಾಮಿಯ ಮತದಾನ ಸಮಾರಂಭಕ್ಕೆ ವಾರಗಳ ಮೊದಲೇ ಮುಗಿದಿರುತ್ತದೆ. ಡೆಲಾಯ್ಟ್ ಅನ್ನುವ ಲೆಕ್ಕಪರಿಶೋಧಕ ಸಂಸ್ಥೆ ಎಣಿಸಿ ಲಕೋಟೆಯಲ್ಲಿಟ್ಟಿರುತ್ತದೆ. ಅಂದರೆ ಆ ವಾರ ಬೆಟ್ ಕಟ್ಟುವವರು ಆಗಿಹೋದ ವಿಷಯದ ಮೇಲೆ ಕಟ್ಟುತ್ತಿದ್ದಾರೆ. ಬೆಟ್ಟಿಂಗ್ ಕಂಪನಿಗಳು ಇಂಥ ಕಡೆ ಸಣ್ಣ ಮೊತ್ತಕ್ಕಷ್ಟೇ ಬಿಡುವುದು ಸುಮ್ಮನೆ ಅಲ್ಲ.

ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಆಟದ ಬಾಜಿಗೆ ಅಡ್ಡವಿದ್ದ 1992ರ ಕಾನೂನೊಂದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಹೊಡೆದುಹಾಕಿದ ಮೇಲೆ ಹಲವು ರಾಜ್ಯಗಳು ಒಂದೊಂದಾಗಿ ಆಟದ ಬಾಜಿಗೆ ಒಪ್ಪಿದವು. ಬ್ರಿಟನ್ನಿನಲ್ಲಿ ಅದು ಲೈಸೆನ್ಸ್ ಇರುವ ವ್ಯಾಪಾರ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಕಾನೂನು ಬೇಡ ಅನ್ನುವ ಕಡೆ 'ವಿವೇಕದ ಬಾಜಿ' ಅನ್ನುವುದೇ ಇಲ್ಲ. ಗೆದ್ದರೂ ದುಡ್ಡು ಕೈಗೆ ಬರುತ್ತದೆ ಅನ್ನುವ ಖಾತ್ರಿಯಿಲ್ಲ, ದೂರು ಕೊಡಲೂ ಜಾಗವಿಲ್ಲ.

ಆದರೆ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಬಾಜಿ ಕಟ್ಟದವರಿಗೂ ಇದು ಬೇಕು, ಏಕೆಂದರೆ ಕಟ್ಟುವವರು ಎಲ್ಲರ ಮನೆಯ ಸುತ್ತಮುತ್ತ ಇದ್ದಾರೆ.

ಎರಡು ತಂಡ ಸಮಬಲ ಅಂದುಕೊಳ್ಳಿ. ನ್ಯಾಯವಾಗಿ ಎರಡಕ್ಕೂ ದರ 2.00 ಇರಬೇಕು, 100 ಕಟ್ಟಿದರೆ ಗೆದ್ದಾಗ ಒಟ್ಟು 200 ವಾಪಸು. ಆದರೆ ಕಂಪನಿ ತೋರಿಸುವ ದರ ಸಾಮಾನ್ಯವಾಗಿ 1.91ರ ಆಸುಪಾಸು. ದರದಿಂದ 1ನ್ನು ಭಾಗಿಸಿದರೆ ಅದರ ಹಿಂದಿರುವ ಸಾಧ್ಯತೆ ಸಿಗುತ್ತದೆ. ಇಲ್ಲಿ ಅದು ಶೇ. 52.4. ಎರಡೂ ಕಡೆ ಕೂಡಿಸಿ: 104.8. ಗೆಲುವಿನ ಸಾಧ್ಯತೆ ನೂರಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲವಲ್ಲ? ಆ ಮೇಲಿನ 4.8 ಇದೆಯಲ್ಲ, ಅದೇ ಕಂಪನಿಯ ಅನ್ನ. ಫುಟ್‌ಬಾಲ್‌ನಲ್ಲಿ ಗೆಲುವು, ಡ್ರಾ, ಸೋಲು ಮೂರಕ್ಕೂ ದರ ಇರುತ್ತದೆ. 2.10, 3.40, 3.60 ಅಂತಿಟ್ಟುಕೊಳ್ಳಿ. ಭಾಗಿಸಿ ಕೂಡಿಸಿದರೆ ಮತ್ತೆ ಸುಮಾರು 104.8. ಯಾವ ಪಂದ್ಯದಲ್ಲಾದರೂ ಈ ಕೂಡಿಸುವ ಕೆಲಸ ಮಾಡಿ ನೋಡಿ. ಒಮ್ಮೆ ಆ ಸಂಖ್ಯೆ ಕಂಡ ಮೇಲೆ ಮೊದಲಿನ ಕಣ್ಣಲ್ಲಿ ದರ ನೋಡಲು ಆಗುವುದಿಲ್ಲ.

ಇದರ ಅರ್ಥ ಏನೆಂದರೆ 1.91ರ ದರದಲ್ಲಿ ನೂರು ಬಾಜಿ ಕಟ್ಟಿ ಐವತ್ತು ಗೆದ್ದರೆ ನಷ್ಟ. ಅಸಲು ಉಳಿಯಬೇಕಿದ್ದರೆ ನೂರಕ್ಕೆ 53 ಗೆಲ್ಲಬೇಕು. ದಿನವಿಡೀ ಇದೇ ಕೆಲಸ ಮಾಡುವ, ಕಂಪ್ಯೂಟರ್ ಮಾದರಿ ಇಟ್ಟುಕೊಂಡ ಜನರ ಎದುರು ಆ ಮೂರು ಹೆಚ್ಚು ಗೆಲುವು ಎಲ್ಲಿಂದ ತರುತ್ತೀರಿ?

ನಾಲ್ಕು ಪಂದ್ಯಗಳನ್ನು ಪೋಣಿಸಿ ಒಂದೇ ಬೆಟ್ ಕಟ್ಟುವ ಆಸೆ ಇನ್ನೂ ದುಬಾರಿ. 1.91ನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 13.3. ನಾಲ್ಕು ಸಮಬಲದ ಪಂದ್ಯಗಳನ್ನೂ ಸರಿಯಾಗಿ ಹೇಳುವ ಸಾಧ್ಯತೆ 16ರಲ್ಲಿ 1, ಹಾಗಾಗಿ ನ್ಯಾಯದ ದರ 16. ಒಂಟಿ ಬೆಟ್‌ನಲ್ಲಿ ಕಂಪನಿಯ ಪಾಲು ಶೇ. 4.5 (ನ್ಯಾಯದ 2.00ಕ್ಕೆ ಬದಲು 1.91) ಇದ್ದದ್ದು ಇಲ್ಲಿ ಶೇ. 17ರ ಹತ್ತಿರ ಬರುತ್ತದೆ. ಆ್ಯಪ್‌ಗಳು ಇಂಥ ಸರಮಾಲೆ ಬೆಟ್‌ಗಳನ್ನೇ ಮುಂದೆ ತಂದು ತೋರಿಸುವುದು ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಟಿಪ್ಸ್ ಮಾರುವವರ ಲೆಕ್ಕ ಅಂತೂ ಅದ್ಭುತ. ಸಾವಿರ ಜನ ಕಣ್ಣು ಮುಚ್ಚಿ, ನಾಣ್ಯ ಚಿಮ್ಮಿ, ತಲಾ ನೂರು ಸಮಬಲದ ಪಂದ್ಯಗಳ ಫಲಿತಾಂಶ ಹೇಳಲಿ. ಬರೀ ಅದೃಷ್ಟದಿಂದಲೇ ಅವರಲ್ಲಿ ಸುಮಾರು 184 ಜನ 55 ಅಥವಾ ಅದಕ್ಕಿಂತ ಹೆಚ್ಚು ಸರಿ ಹೇಳಿರುತ್ತಾರೆ. ಸುಮಾರು 28 ಜನ 60 ಅಥವಾ ಅದಕ್ಕಿಂತ ಹೆಚ್ಚು ಸರಿ ಹೇಳಿರುತ್ತಾರೆ. ಆ 28 ಜನ ತಮ್ಮ ಸ್ಕ್ರೀನ್‌ಶಾಟ್ ಹಾಕಿ 'ಎಕ್ಸ್‌ಪರ್ಟ್' ಗ್ರೂಪು ತೆರೆಯುತ್ತಾರೆ, ಉಳಿದ 972 ಜನ ತೆಪ್ಪಗಿರುತ್ತಾರೆ. ನನ್ನ ಪರಿಚಯದ ಒಬ್ಬರು ಇಂಥ ಒಂದು ಗ್ರೂಪಿಗೆ ತಿಂಗಳ ಚಂದಾ ಕಟ್ಟುತ್ತಿದ್ದರು. ಸೋತಾಗಲೆಲ್ಲ ಅವರು ಬಯ್ಯುತ್ತಿದ್ದದ್ದು ಅಂಪೈರ್‌ನನ್ನು.

2015-16ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿ ಕತೆಯನ್ನು ಬಾಜಿಯವರು ಬಹಳ ಇಷ್ಟಪಟ್ಟು ಹೇಳುತ್ತಾರೆ. ಸೀಸನ್ ಶುರುವಿಗೆ ದರ 5000ಕ್ಕೆ 1, ಅಂದರೆ 1 ಕಟ್ಟಿ ಗೆದ್ದರೆ 5000 ಲಾಭ. ಕೆಲವರು ನಿಜವಾಗಿ ಗೆದ್ದರು. ಇನ್ನು ಕೆಲವರು ನಡುವೆಯೇ 'ಕ್ಯಾಶ್ ಔಟ್' ಒತ್ತಿ ಸಿಕ್ಕಷ್ಟು ತೆಗೆದುಕೊಂಡು ಹೊರಬಂದರು. ಆದರೆ ಪ್ರತಿವರ್ಷ ಇಂಥ ಒಂದೊಂದು ಬಡ ತಂಡದ ಮೇಲೆ ಕಟ್ಟಿ ಕಳೆದುಕೊಂಡವರ ಕತೆಯನ್ನು ಯಾರು ಹೇಳುತ್ತಾರೆ? ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇರುವವರ ಮೇಲೆ ಜನ ಬೆಲೆ ಮೀರಿ ಕಟ್ಟುತ್ತಾರೆ ಅನ್ನುವುದು ಕುದುರೆ ರೇಸಿನಲ್ಲಿ 1940ರ ದಶಕದಲ್ಲೇ ಗಮನಕ್ಕೆ ಬಂದ ಸಂಗತಿ. ಇನ್ನೊಂದು ತುದಿಯ ತಪ್ಪೂ ಇದೆ: ಫೇವರಿಟ್ ಅಂದರೆ ಗೆದ್ದೇ ಗೆಲ್ಲುತ್ತಾರೆ ಅಂದುಕೊಳ್ಳುವುದು. 2025ರ ಯೂರೋವಿಷನ್‌ನಲ್ಲಿ ಬಾಜಿ ದರದ ಫೇವರಿಟ್ ಸ್ವೀಡನ್. ಅದು ನಾಲ್ಕನೆಯದಾಯಿತು, ಗೆದ್ದದ್ದು ಆಸ್ಟ್ರಿಯಾ. ಶೇ. 40 ಸಾಧ್ಯತೆ ಅಂದರೆ ಹತ್ತರಲ್ಲಿ ಆರು ಸಲ ಸೋಲು ಅಂತಲೂ ಅರ್ಥ.

ಕಾನೂನು ಒಪ್ಪುವ ಕಡೆ, ವಯಸ್ಕರು, ಮನರಂಜನೆಗೆ ಕಟ್ಟಿಯೇ ಕಟ್ಟುತ್ತೇನೆ ಅಂದರೆ? ಸಿನಿಮಾ ಟಿಕೆಟ್ಟಿನ ಹಾಗೆ ನೋಡಬೇಕು. ಒಳಗೆ ಹೋಗುವಾಗಲೇ ಆ ದುಡ್ಡು ಹೋಯಿತು ಅಂತ. ತಿಂಗಳಿಗೆ ಇಷ್ಟೇ ಅಂತ ಮೊದಲೇ ತೆಗೆದಿಟ್ಟು, ಒಂದೊಂದು ಬಾಜಿಗೆ ಅದರ ನೂರರಲ್ಲಿ ಒಂದೋ ಎರಡೋ ಭಾಗ. ಸಾಲದ ದುಡ್ಡು ಬೇಡವೇ ಬೇಡ. ಬ್ರಿಟನ್ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಬಾಜಿ ಕಟ್ಟುವುದನ್ನೇ ನಿಲ್ಲಿಸಿದ್ದು ಈ ಕಾರಣಕ್ಕೆ. ಪಂದ್ಯ ನಡೆಯುತ್ತಿರುವಾಗ ಚೆಂಡು ಚೆಂಡಿಗೂ ಕಟ್ಟುವ ಬಾಜಿಯಿಂದ ದೂರವಿರುವುದು ಲೇಸು, ಅಲ್ಲಿ ಯೋಚಿಸಲು ಸಮಯವೇ ಇಲ್ಲ. 'ಬೋನಸ್' ಅಂದರೆ ಅದನ್ನು ಎಷ್ಟು ಸಲ ಮತ್ತೆ ಕಟ್ಟಿದ ಮೇಲೆ ಹಿಂತೆಗೆಯಬಹುದು ಅಂತ ಸಣ್ಣ ಅಕ್ಷರ ಓದಿ. ಇಲ್ಲೂ ಸಣ್ಣ ಅಕ್ಷರವೇ. ಮತ್ತೆ ಪ್ರತಿ ಬಾಜಿಯನ್ನೂ ಬರೆದಿಡಿ. ಗೆದ್ದದ್ದು ತಾನಾಗಿ ನೆನಪಿರುತ್ತದೆ, ಸೋತದ್ದಕ್ಕೆ ಪುಸ್ತಕವೇ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಹೋದದ್ದನ್ನು ಇವತ್ತೇ ವಾಪಸು ತರುತ್ತೇನೆ ಅಂತ ದುಪ್ಪಟ್ಟು ಕಟ್ಟುವುದು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ರೂಲೆಟ್ ಚಕ್ರದಲ್ಲಿ ಸಾಲಾಗಿ 26 ಸಲ ಕಪ್ಪು ಬಂತು. ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪೇ ಬರಬೇಕು ಅಂತ ಕಟ್ಟುತ್ತಾ ಹೋದವರು ಬರಿಗೈಯಲ್ಲಿ ಮನೆಗೆ ಹೋದರು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ. ಬಾಜಿಯ ವಿಷಯ ಮನೆಯವರಿಂದ ಮುಚ್ಚಿಡಬೇಕು ಅನ್ನಿಸಿದರೆ, ಪಂದ್ಯ ಇಲ್ಲದ ದಿನ ಚಡಪಡಿಕೆ ಶುರುವಾದರೆ ಇದು ಬಜೆಟ್ಟಿನ ಪ್ರಶ್ನೆಯಾಗಿ ಉಳಿದಿಲ್ಲ ಅಂತ ತಿಳಿಯಿರಿ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಿಂದ ಇದನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿನಲ್ಲೇ ಇಟ್ಟಿದೆ. ವೈದ್ಯರಿಗೆ ಹೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ಗೆಳೆಯರ ಗುಂಪಿನಲ್ಲಿ ಪ್ರಶಸ್ತಿಯ ದಿನ ಒಂದು ಆಟವಿದೆ. ದುಡ್ಡಿಲ್ಲ. ಮುಖ್ಯ ವಿಭಾಗಗಳಿಗೆ ಯಾರು ಗೆಲ್ಲುತ್ತಾರೆ ಅಂತ ಚೀಟಿಯಲ್ಲಿ ಬರೆದಿಡುವುದು, ಪಕ್ಕದಲ್ಲಿ ನೂರಕ್ಕೆ ಎಷ್ಟು ಖಾತ್ರಿ ಅಂತಲೂ ಬರೆಯುವುದು. ಎಲ್ಲರಿಗಿಂತ ಕಮ್ಮಿ ಸರಿ ಹೇಳಿದವರು ಮುಂದಿನ ತಿಂಗಳು ಉಳಿದವರಿಗೆಲ್ಲ ಕೇಳದ ಹತ್ತು ಹಾಡು ಹುಡುಕಿ ಕೊಡಬೇಕು. 2023ರಲ್ಲಿ ವರ್ಷದ ಹಾಡು ವಿಭಾಗದಲ್ಲಿ ಹತ್ತು ನಾಮಿನೇಷನ್. ಬಿಯಾನ್ಸೆ, ಅಡೆಲ್, ಟೇಲರ್ ಸ್ವಿಫ್ಟ್, ಹ್ಯಾರಿ ಸ್ಟೈಲ್ಸ್ ಎಲ್ಲ ಇದ್ದರು. ನಾನು ಅಡೆಲ್ ಅಂತ ಬರೆದು ಪಕ್ಕದಲ್ಲಿ 70 ಅಂತ ಹಾಕಿದ್ದೆ. ಗೆದ್ದದ್ದು 73 ವಯಸ್ಸಿನ ಗಾಯಕಿ ಬಾನಿ ರೈಟ್. ಅವರೇ ಬಾಯಿ ತೆರೆದು ನಿಂತುಬಿಟ್ಟರು. ನಮ್ಮ ಒಂದು ಚೀಟಿಯಲ್ಲೂ ಅವರ ಹೆಸರಿರಲಿಲ್ಲ. ಆ ತಿಂಗಳು ಹಾಡು ಹುಡುಕುವ ಸರದಿ ನನ್ನದಾಯಿತು. ಮೊದಲು ಕಳಿಸಿದ್ದು ಷರೋನ್ ಜೋನ್ಸ್‌ರದು.